ಹೊಳಗುಂದದ ಹೊಸ ಇಂಗ್ಲಿಷ್ ಮೇಷ್ಟ್ರಿಗೆ

ಆದವಾನಿ



ನಿಮ್ಮಮ್ಮ ಫೋನ್ ಮಾಡಿದ್ದಳು. ನಿನ್ನನ್ನು ಹೊಳಗುಂದ ಮಂಡಲದ ಹೈಸ್ಕೂಲಿಗೆ ಹಾಕಿದ್ದಾರೆ, ಕನ್ನಡ ಮಾಧ್ಯಮದ ಹುಡುಗರಿಗೆ ನೀನು ಇಂಗ್ಲಿಷ್ ಹೇಳಬೇಕು ಎಂದು ತಿಳಿಯಿತು. 2025ರ ಮೆಗಾ ಡಿಎಸ್‌ಸಿ ಶಿಕ್ಷಕ ನೇಮಕಾತಿಯ 16,347 ಹುದ್ದೆಗಳಲ್ಲಿ ಒಂದು ನಮ್ಮ ಮನೆಗೆ ಬಂತಲ್ಲ ಎಂದು ಅವಳು ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ. ನೀನು ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೂತಿದ್ದೀಯಂತೆ. ಕರ್ನೂಲಿನ ಹತ್ತಿರ ಸಿಕ್ಕಿದ್ದರೆ ಚೆನ್ನಾಗಿತ್ತು, ಈ ಗಡಿ ಊರಿನ ಹುಡುಗರಿಗೆ ಎಬಿಸಿಡಿಯೇ ನೆಟ್ಟಗೆ ಬರುವುದಿಲ್ಲ, ಹತ್ತನೇ ತರಗತಿಗೆ ಏನು ಹೇಳಲಿ ಎಂದೆಯಂತೆ. ಆ ಮಾತಿಗಾಗಿಯೇ ಈ ಕಾಗದ. ವಾಟ್ಸಾಪಿನಲ್ಲೇ ಹಾಕಬಹುದಿತ್ತು. ಅದರಲ್ಲಿ ನೀನು ಎರಡು ಸಾಲಿನ ಮೇಲೆ ಓದುವವನಲ್ಲ.

ಮೊದಲು ಆ ಹುಡುಗರಿಗೆ ಏನು ಬರುತ್ತದೆ ಎಂಬುದನ್ನು ಕೇಳು. ಮನೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಮಂಡಲ ಆಫೀಸಿನಲ್ಲಿ, ಟಿವಿಯಲ್ಲಿ ತೆಲುಗು. ಅಪ್ಪನ ಜೊತೆ ಹತ್ತಿ ತುಂಬಿದ ಗಾಡಿಯಲ್ಲಿ ಆದವಾನಿ ಮಾರ್ಕೆಟ್ಟಿಗೆ ಬಂದರೆ ವ್ಯವಹಾರಕ್ಕೆ ಸಾಕಾಗುವಷ್ಟು ಉರ್ದು. ಹನ್ನೊಂದು ವರ್ಷದ ಹುಡುಗ ಹೀಗೆ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೆ. ನಾಲ್ಕನೆಯದು ಅವನ ತಲೆಗೆ ಹತ್ತುವುದಿಲ್ಲ ಎನ್ನುವುದಕ್ಕೆ ನಿನಗೂ ನನಗೂ ಯಾವ ಅಧಿಕಾರವಿದೆ? ಹತ್ತದೇ ಇರುವುದಕ್ಕೆ ಕಾರಣ ಬೇರೆ. ಆ ಮೂರೂ ಭಾಷೆ ಅವನ ಕಿವಿಗೆ ಬಿದ್ದು ಬಂದವು. ಇಂಗ್ಲಿಷ್ ಹೊಳಗುಂದದಲ್ಲಿ ಯಾರ ಬಾಯಿಂದ ಅವನ ಕಿವಿಗೆ ಬೀಳಬೇಕು? ಔಷಧಿ ಚೀಟಿಯಲ್ಲಿ, ಮೊಬೈಲಿನಲ್ಲಿ, ಗೊಬ್ಬರದ ಚೀಲದ ಮೇಲೆ ಇದೆ, ನಿಜ. ಆದರೆ ಅದು ಮಾತಾಡುವುದಿಲ್ಲ. ನಮ್ಮ ಕಡೆಯ ಮಗು ಲಂಡನ್ನಿಗೋ ಮೆಲ್ಬರ್ನಿಗೋ ಹೋದರೆ ಅದಕ್ಕೂ ಇಂಗ್ಲಿಷ್ ಮೇಲಿನಿಂದ ಸೇರಿಸಿದ ಭಾಷೆಯೇ. ಆದರೆ ಅಲ್ಲಿ ಶಾಲೆಯ ಗೇಟು ದಾಟಿದರೂ ಇಂಗ್ಲಿಷ್ ಇರುತ್ತದೆ. ಇಲ್ಲಿ ಗಂಟೆ ಹೊಡೆದ ಮೇಲೆ ಇರುವುದಿಲ್ಲ. ದಿನಕ್ಕೊಂದು ಪಿರಿಯಡ್ಡು, ಆ ಪಿರಿಯಡ್ಡಿನಲ್ಲಿ ನಿನ್ನ ಬಾಯಿ. ಅಷ್ಟೇ ಬಂಡವಾಳ. ಅಲ್ಲಿನವರಿಗಾಗಿ ಬರೆದ ತರಬೇತಿ ಪುಸ್ತಕಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ನಾವು ಈ ರಾಜ್ಯಕ್ಕೆ ಹೇಗೆ ಬಂದೆವು ಎಂಬುದು ನಿನಗೆ ಗೊತ್ತೇ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಉಳಿದದ್ದು ಮೈಸೂರಿಗೆ ಹೋಯಿತು. ಅಂದಿನಿಂದ ಕೌತಾಳಂ, ಕೋಸಿಗಿ, ಹಾಲಹರ್ವಿ, ಹೊಳಗುಂದದ ಕನ್ನಡ ಶಾಲೆಗಳು ತೆಲುಗು ರಾಜ್ಯದ ಪಾಠಪಟ್ಟಿಯಲ್ಲಿ ಕನ್ನಡ ಅಕ್ಷರ ಬರೆಯುತ್ತಿವೆ. ಅದರ ದುಃಖವನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ಅದಕ್ಕಿಂತ ಹಳೆಯ ಒಂದು ವಿಷಯ ಹೇಳುತ್ತೇನೆ, ನಿನ್ನ ಕೆಲಸಕ್ಕೆ ಅದು ಹೆಚ್ಚು ಹತ್ತಿರ.

ಥಾಮಸ್ ಮನ್ರೋ, ನಮ್ಮ ಪತ್ತಿಕೊಂಡದಲ್ಲೇ 1827ರಲ್ಲಿ ಕಾಲರಾದಿಂದ ತೀರಿಕೊಂಡವನು, ಮದ್ರಾಸಿನ ಗವರ್ನರ್ ಆಗಿದ್ದಾಗ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ ಒಟ್ಟು 533 ಶಾಲೆ. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಫಾರಸಿ, ಸಂಸ್ಕೃತ, ತಮಿಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಸಂಖ್ಯೆಗಿಂತ ಅವನು ಗಮನಿಸಿದ ಎರಡು ಸಂಗತಿ ಮುಖ್ಯ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ನಮ್ಮ ಪದ್ಧತಿಯನ್ನು ಅವನು ಬಹಳ ಮೆಚ್ಚಿಕೊಂಡ. ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಸರಿಯೇ ಎಂದ. ಇನ್ನೊಂದು ಸಂಗತಿ ಕಹಿ. ಮಕ್ಕಳು ರಾಶಿ ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಅವರಿಗೂ ಗೊತ್ತಿಲ್ಲ, ಹೆಚ್ಚಿನ ಅಯ್ಯಗಳಿಗೂ ಬಿಡಿಸಿ ಹೇಳಲು ಬರುವುದಿಲ್ಲ ಎಂದು ಬರೆದ.

ಇನ್ನೂರು ವರ್ಷ ಆಯಿತು. ಈಗ ನೀನು ಯಾವ ಹೈಸ್ಕೂಲಿಗಾದರೂ ಜನವರಿಯಲ್ಲಿ ಹೋಗಿ ನಿಲ್ಲು. ಹತ್ತನೇ ತರಗತಿಯ ಹುಡುಗಿ ಗೈಡಿನ ಲೀವ್ ಲೆಟರನ್ನು ಬಾಯಿಪಾಠ ಮಾಡಿರುತ್ತಾಳೆ. ಪೂರ್ಣವಿರಾಮವೂ ತಪ್ಪುವುದಿಲ್ಲ. ಅದೇ ಹುಡುಗಿಗೆ ನಿನ್ನೆ ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಸೆರಗು ಬಾಯಿಗೆ ಹೋಗುತ್ತದೆ. ಆಗ ಅರ್ಥವಾಗದ ಕಾವ್ಯ, ಈಗ ಅರ್ಥವಾಗದ ಲೀವ್ ಲೆಟರ್. ಕ್ಯಾಂಪ್‌ಬೆಲ್ ಬಂದರೆ ವರದಿಯಲ್ಲಿ ಭಾಷೆಯ ಹೆಸರೊಂದನ್ನು ಬದಲಿಸಿದರೆ ಸಾಕು.

ಇದು ಹುಡುಗರ ದೋಷವಲ್ಲ. ಮೇಷ್ಟ್ರುಗಳ ದೋಷ ಎನ್ನುವುದಕ್ಕೂ ನನಗೆ ಮನಸ್ಸಿಲ್ಲ. ನಮ್ಮನ್ನು ತಯಾರು ಮಾಡಿದ ರೀತಿ ಹಾಗಿತ್ತು. ಬಿ.ಇಡಿ.ಯಲ್ಲಿ ನೀನು ಏನು ಮಾಡಿದೆ, ನೆನಪಿಸಿಕೋ. ಲೆಸನ್ ಪ್ಲಾನಿನ ರೆಕಾರ್ಡು ಬಣ್ಣದ ಪೆನ್ನಿನಲ್ಲಿ ಬರೆದೆ. ಮೈಕ್ರೋ ಟೀಚಿಂಗ್ ಎಂದು ಸಹಪಾಠಿಗಳ ಮುಂದೆ ನಿಂತೆ, ಅವರು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೂತರು. ಎಂ.ಎ.ಯಲ್ಲಿ ಶೇಕ್ಸ್‌ಪಿಯರ್ ಓದಿದೆ. ಒಂದು ಹಳ್ಳಿಯ ಆರನೇ ತರಗತಿಯನ್ನು ಹತ್ತು ನಿಮಿಷ ಸರಳವಾದ ಇಂಗ್ಲಿಷಿನಲ್ಲೇ ನಡೆಸು, ಪುಸ್ತಕ ತೆಗೆಸು, ಜೋಡಿ ಮಾಡಿ ಕೂಡಿಸು, ತಪ್ಪಿದವನನ್ನು ನೋಯಿಸದೆ ತಿದ್ದು ಎಂದು ಯಾರಾದರೂ ನಿನಗೆ ಹೇಳಿಕೊಟ್ಟರೇ? ಹ್ಯಾಮ್ಲೆಟ್‌ನ ಸಂದಿಗ್ಧ ವಿವರಿಸುವುದು ಸುಲಭ. ಈ ಹತ್ತು ನಿಮಿಷ ಕಷ್ಟ.

ನನ್ನ ಕಾಲದಲ್ಲಿ ಇದನ್ನು ಕಲಿಸುತ್ತಿದ್ದ ಒಂದು ಜಾಗ ಬೆಂಗಳೂರಿನ ಜ್ಞಾನಭಾರತಿಯಲ್ಲಿತ್ತು, ಈಗಲೂ ಇದೆ: ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. 1963ರಲ್ಲಿ ಶುರುವಾದದ್ದು. ನಮ್ಮ ಆಂಧ್ರವೂ ಅದರ ವ್ಯಾಪ್ತಿಗೆ ಸೇರಿದೆ. ಹೈದರಾಬಾದಿನಲ್ಲಿ ಅದಕ್ಕೂ ಮೊದಲು, 1958ರಲ್ಲಿ, ಕೇಂದ್ರ ಇಂಗ್ಲಿಷ್ ಸಂಸ್ಥೆ ಹುಟ್ಟಿತ್ತು. ಅದೇ ಬೆಳೆದು ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ. ಬೆಂಗಳೂರಿನ ಮೂವತ್ತು ದಿನದ ಕೋರ್ಸಿಗೆ ನನ್ನನ್ನು ಕಳಿಸಿದಾಗ ಮನೆಯಲ್ಲಿ ದೊಡ್ಡ ರಗಳೆ. ಚಿಕ್ಕ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿ ಇರುತ್ತಾಳಂತೆ ಎಂದು ಅತ್ತೆಯವರ ಕಡೆಯವರೆಲ್ಲ ಮಾತಾಡಿದರು. ಹೋದೆ. ಅಲ್ಲಿ ಮೊದಲು ಮಾಡಿದ್ದು ನಮ್ಮ ಬಾಯಿಯನ್ನು ನಮಗೇ ಕೇಳಿಸಿದ್ದು. ಟೇಪಿನಲ್ಲಿ ನಾವು ಓದಿದ್ದನ್ನು ಮತ್ತೆ ಹಾಕಿದಾಗ ಕೇರಳದವರು, ತಮಿಳುನಾಡಿನವರು, ನಾವು, ಎಲ್ಲರೂ ನಕ್ಕೆವು, ಆಮೇಲೆ ಸುಮ್ಮನಾದೆವು. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದಲ್ಲ, ಆ ಬಾಲವನ್ನು ನಾವು ಇಂಗ್ಲಿಷಿಗೂ ಅಂಟಿಸಿ ಬಸ್ಸು, ಬುಕ್ಕು ಮಾಡಿ ಮಾತಾಡುತ್ತಿದ್ದೆವು. ಅದೇನು ಮಹಾಪಾಪವಲ್ಲ. ಆದರೆ ಮಗು ಯಾಕೆ ಹಾಗೆ ಹೇಳುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿರಬೇಕು. ಅವನು ನನ್ನ ತಮ್ಮ ಎನ್ನುವುದಕ್ಕೆ ಕನ್ನಡದಲ್ಲಿ ಕ್ರಿಯಾಪದ ಬೇಡ. ಹಾಗಾಗಿ ಹುಡುಗ ‘ಹಿ ಮೈ ಬ್ರದರ್’ ಎನ್ನುತ್ತಾನೆ. ತೆಲುಗಿನಲ್ಲೂ ಬೇಡ, ಆ ಕಡೆಯಿಂದಲೂ ಅವನಿಗೆ ಸಹಾಯವಿಲ್ಲ. ಇದನ್ನು ತಿಳಿದ ಮೇಷ್ಟ್ರು ಬೈಯುವುದಿಲ್ಲ. ಕನ್ನಡದ ವಾಕ್ಯವನ್ನು ಬೋರ್ಡಿನ ಒಂದು ಕಡೆ ಬರೆದು, ಇಂಗ್ಲಿಷಿನದನ್ನು ಪಕ್ಕದಲ್ಲಿ ಬರೆದು, ಏನು ಹೆಚ್ಚು ಬಂದಿದೆ ನೋಡಿ ಎನ್ನುತ್ತಾನೆ. ಎರಡು ನಿಮಿಷದ ಕೆಲಸ.

ಹಾಗಾಗಿ ತರಗತಿಯಲ್ಲಿ ಕನ್ನಡ ಆಡಬಾರದು ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಬಂದುಬಿಡು. ನೀನು ಕನ್ನಡದ ಮನೆಯವನು, ಆ ಮಕ್ಕಳ ಪುಣ್ಯ. ತೆಲುಗು ಮಾತ್ರ ಬಲ್ಲ ಮೇಷ್ಟ್ರು ಬಂದರೆ ಪಾಪ, ಇಂಗ್ಲಿಷ್ ಸಾಲನ್ನು ತೆಲುಗಿನಲ್ಲಿ ಹೇಳುತ್ತಾರೆ, ಮಕ್ಕಳು ಅದನ್ನು ಒಳಗೊಳಗೇ ಕನ್ನಡ ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆದರೆ ಕನ್ನಡ ಬರುತ್ತದೆ ಎಂದು ನೀನು ಇಡೀ ಪಾಠವನ್ನು ಸಾಲುಸಾಲಾಗಿ ಕನ್ನಡ ಮಾಡಿ ಒಪ್ಪಿಸಿದರೆ ಅದೂ ಅಷ್ಟೇ ವ್ಯರ್ಥ. ಕನ್ನಡ ಅವರ ಭಯ ಬಿಡಿಸಲಿ, ಅರ್ಥ ಹತ್ತಿಸಲಿ. ಕೆಲಸ ಮಾಡಿಸುವ ಮಾತು, ಅಂದರೆ ಎದ್ದೇಳು, ತೋರಿಸು, ಯಾರ ಹತ್ತಿರ ಇದೆ, ಇನ್ನೊಂದು ಸಲ ಹೇಳು ಎಂಬುದೆಲ್ಲ ದಿನಾ ಇಂಗ್ಲಿಷಿನಲ್ಲೇ ಬರಲಿ. ಎರಡು ತಿಂಗಳಲ್ಲಿ ಅವರು ಅದನ್ನೇ ನಿನಗೆ ತಿರುಗಿಸಿ ಹೇಳಲು ಶುರು ಮಾಡುತ್ತಾರೆ.

ಇನ್ನು ತರಬೇತಿಗಳ ವಿಷಯ. ನೀನು ಮುಂದೆ ಬೇಕಾದಷ್ಟು ನೋಡುತ್ತೀಯ. 1960ರ ಆಸುಪಾಸಿನಲ್ಲಿ ಮದ್ರಾಸ್ ರಾಜ್ಯದಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು, ನಾವು ಆಗಲೇ ಅವರಿಂದ ಬೇರೆಯಾಗಿದ್ದೆವು. ಇಂಗ್ಲಿಷ್ ಶುರುಮಾಡುವ ತರಗತಿಗಳ 27,000 ಶಿಕ್ಷಕರಿಗೆ ಹೊಸದಾಗಿ ತರಬೇತಿ ಕೊಡುವುದು. ಕೆಲವರಿಗೆ ಕಲಿಸಿ, ಅವರು ಇನ್ನಷ್ಟು ಜನಕ್ಕೆ, ಅವರು ಮತ್ತಷ್ಟು ಜನಕ್ಕೆ. ಇದಕ್ಕೆ ಸ್ನೋಬಾಲ್ ಎಂದೇ ಹೆಸರಾಯಿತು, ಹಿಮದ ಉಂಡೆ ಉರುಳುತ್ತ ದೊಡ್ಡದಾಗುತ್ತದೆ ಎಂಬ ಎಣಿಕೆ. ನಮ್ಮ ಬಿಸಿಲಿನಲ್ಲಿ ಹಿಮದ ಉಂಡೆ ಏನಾಗುತ್ತದೆ ಎಂದು ಬೇರೆ ಹೇಳಬೇಕೇ? ಇವತ್ತಿಗೂ ನಡೆಯುವುದು ಇದೇ ಲೆಕ್ಕ. ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ಮಂಡಲಕ್ಕೆ. ಹೊಳಗುಂದಕ್ಕೆ ಬರುವ ಹೊತ್ತಿಗೆ ಒಂದು ಪಿಪಿಟಿ, ಒಂದು ಸಹಿ ಹಾಳೆ, ಮಧ್ಯಾಹ್ನದ ಚಹಾ ಉಳಿದಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆ ಬೇಕು ಎನ್ನುತ್ತದೆ. ಗಂಟೆ ತುಂಬಿಸುವುದು ಸುಲಭ. ಆ 50 ಗಂಟೆಯಲ್ಲಿ ಒಂದು ಗಂಟೆಯಾದರೂ ಯಾರಾದರೂ ನಿನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆಯೇ? ನಾನು ಕೇಳುವುದು ಅದೊಂದೇ.

ಹಾಗೆಂದು ತರಬೇತಿಯನ್ನು ಹಗುರ ಮಾಡಬೇಡ. ಒಬ್ಬರ ಕೆಲಸ ಮಾತ್ರ ನನ್ನನ್ನು ನಿಜವಾಗಿ ಬದಲಾಯಿಸಿತು. ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲೇ, ತುಂಬಿದ ತರಗತಿಗಳಲ್ಲೇ, ಅವರು ಒಂದು ಪ್ರಯೋಗ ನಡೆಸಿದರು. ಜಗತ್ತಿನಲ್ಲೆಲ್ಲ ಅದು ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧ. ಈಗ ಎಲ್ಲ ದೇಶದವರೂ ಟಾಸ್ಕ್ ಟಾಸ್ಕ್ ಎನ್ನುತ್ತಾರಲ್ಲ, ಅದರ ಬೇರು ನಮ್ಮ ಮಗ್ಗುಲಲ್ಲೇ ಇದೆ, ನಮಗೆ ಬೇರೆಯವರು ಹೇಳಿ ಗೊತ್ತಾಗಬೇಕು. ಅವರ ವಿಚಾರ ಸರಳ: ಮನಸ್ಸು ವ್ಯಾಕರಣದ ಮೇಲಲ್ಲ, ಬಿಡಿಸಬೇಕಾದ ಒಂದು ಸಮಸ್ಯೆಯ ಮೇಲೆ ಇದ್ದಾಗ ಭಾಷೆ ಒಳಗೆ ಇಳಿಯುತ್ತದೆ. ರೈಲಿನ ವೇಳಾಪಟ್ಟಿ, ನಕ್ಷೆ, ಇಂಥವನ್ನು ಕೊಟ್ಟು ಬಿಡಿಸಲು ಹೇಳುತ್ತಿದ್ದರು. ಮೊದಲು ಮೇಷ್ಟ್ರು ಇಡೀ ತರಗತಿಯ ಜೊತೆ ಒಂದನ್ನು ಬಿಡಿಸುವುದು, ಆಮೇಲೆ ಅದೇ ತರಹದ್ದನ್ನು ಮಕ್ಕಳು ತಾವೇ ಬಿಡಿಸುವುದು. ತರಗತಿಯ ಅರ್ಧದಷ್ಟು ಮಕ್ಕಳಿಗೆ ಅರ್ಧದಷ್ಟಾದರೂ ಸರಿಬಂದರೆ ಟಾಸ್ಕಿನ ಮಟ್ಟ ಸರಿ ಇದೆ ಎಂದು ಲೆಕ್ಕ. ಈ ಅಳತೆ ನನಗೆ ಬಹಳ ಹಿಡಿಸಿತು. ನೂರಕ್ಕೆ ನೂರು ಫಲಿತಾಂಶ ಕೇಳುವ ಇಲಾಖೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಡ, ಮನಸ್ಸಿನಲ್ಲಿ ಇಟ್ಟುಕೋ.

ನಾನು ಅದನ್ನು ನಮ್ಮ ಲೈನಿಗೆ ಹೊಂದಿಸಿಕೊಂಡಿದ್ದೆ. ರಾಯಚೂರಿನಿಂದ ಗುಂತಕಲ್ಲಿನ ತನಕ, ಮಂತ್ರಾಲಯಂ ರೋಡ್, ಕೋಸಿಗಿ, ಕುಪ್ಪಗಲ್, ಇಸಿವಿ, ಆದವಾನಿ, ಆಸ್ಪರಿ ಎಂದು ಸ್ಟೇಷನ್ನುಗಳನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಗಾಡಿಯ ಸಮಯ. ಒಬ್ಬನ ಹತ್ತಿರ ಪ್ಯಾಸೆಂಜರಿನ ಚೀಟಿ, ಇನ್ನೊಬ್ಬನ ಹತ್ತಿರ ಎಕ್ಸ್‌ಪ್ರೆಸ್ಸಿನದು. ಕೋಸಿಗಿಯ ಅಜ್ಜಿಗೆ ಹನ್ನೊಂದಕ್ಕೆ ಆದವಾನಿಯ ಕಣ್ಣಾಸ್ಪತ್ರೆ ಮುಟ್ಟಬೇಕು, ಯಾವ ಗಾಡಿ ಹತ್ತಬೇಕು? ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ, ಕೇಳಿಯೇ ತಿಳಿಯಬೇಕು. ಮೊದಮೊದಲು ಬೆರಳು, ಕಣ್ಣು, ಕನ್ನಡ ಎಲ್ಲ ಬಂತು. ಆಮೇಲೆ ಒಬ್ಬ ಹುಡುಗಿ ‘ಎಕ್ಸ್‌ಪ್ರೆಸ್ ನೋ ಸ್ಟಾಪ್ ಕುಪ್ಪಗಲ್’ ಎಂದಳು. ವ್ಯಾಕರಣ ತಪ್ಪು. ಆದರೆ ಅದು ಗೈಡಿನಿಂದ ಬಂದದ್ದಲ್ಲ, ಅವಳದೇ. ನಾನು ತಿದ್ದಲಿಲ್ಲ, ಸರಿಯಾದ ರೂಪದಲ್ಲಿ ಅದನ್ನೇ ನನ್ನ ಬಾಯಲ್ಲಿ ಮತ್ತೆ ಹೇಳಿ ಮುಂದೆ ಹೋದೆ. ವಾರದೊಳಗೆ ಅರ್ಧ ತರಗತಿ ಅದನ್ನು ಸರಿಯಾಗಿ ಹೇಳುತ್ತಿತ್ತು.

ನಿನಗೆ ಹೊಳಗುಂದದಲ್ಲಿ ರೈಲಿಲ್ಲ. ಅದಕ್ಕಿಂತ ದೊಡ್ಡದು ಇದೆ, ದೇವರಗಟ್ಟು. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆ ಹಿಡಿದು ಬಡಿದಾಡುವ ಆ ಬನ್ನಿ ಉತ್ಸವದ ವಿಷಯ ನಿನ್ನ ತರಗತಿಯ ಪ್ರತಿ ಮಗುವಿಗೂ ನಿನಗಿಂತ ಚೆನ್ನಾಗಿ ಗೊತ್ತು. ನೆರಣಿಕಿಯವರು ಯಾವ ದಾರಿಯಲ್ಲಿ ಬರುತ್ತಾರೆ, ಎದುರು ಬರುವವರು ಯಾರು, ಮರುದಿನ ಕಾರ್ಣಿಕ ಏನು ನುಡಿಯಿತು, ಎಲ್ಲ ಗೊತ್ತು. ನಿನಗೆ ಗೊತ್ತಿಲ್ಲದವನಂತೆ ಕೇಳು. ನಕ್ಷೆ ಬರೆಸು. ಹೊರಗಿನಿಂದ ಬಂದ ಪತ್ರಕರ್ತನಿಗೆ ಹೇಳುವ ಹಾಗೆ ಹೇಳಿ ಎನ್ನು. ತಲೆ ಒಡೆಯುವುದು ಸರಿಯೋ ತಪ್ಪೋ ಎಂದು ಒಂಬತ್ತನೇ ತರಗತಿಯನ್ನು ಕೇಳಿ ನೋಡು, ಇಂಗ್ಲಿಷ್ ಸಾಲದೆ ಒದ್ದಾಡುತ್ತಾರೆ, ಆ ಒದ್ದಾಟದಲ್ಲೇ ಮಾತು ಹುಟ್ಟುತ್ತದೆ. ಬೋರ್ಡಿನ ಮೂಲೆಯಲ್ಲಿ ಅವರಿಗೆ ಬೇಕಾದ ಶಬ್ದಗಳನ್ನು ಬರೆಯುತ್ತಾ ಹೋಗು, ಅಷ್ಟೇ ನಿನ್ನ ಕೆಲಸ.

ಒಂದು ಸಂಕಟ ಈಗಲೇ ಹೇಳಿಬಿಡುತ್ತೇನೆ. ದೀಪಾವಳಿ ಕಳೆದ ಮೇಲೆ ಬೆಂಚುಗಳು ಖಾಲಿಯಾಗುತ್ತವೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಮನೆಗಳು ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ, ಇಲ್ಲವೇ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮಕ್ಕಳೂ ಹೋಗುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಕರ್ನೂಲು ಜಿಲ್ಲೆಯ ಸಾಕ್ಷರತೆಯೇ ನೂರಕ್ಕೆ 60ರಷ್ಟು, ನಮ್ಮ ಪಶ್ಚಿಮದ ಮಂಡಲಗಳು ಅದಕ್ಕೂ ಕೆಳಗೆ. ಹಾಜರಿ ಪುಸ್ತಕ ನೋಡಿ ಬೇಸರ ಪಡುವುದರಿಂದ ಏನೂ ಆಗದು. ಒಂದು ಪಾಠ ತಪ್ಪಿದರೆ ಮುಂದಿನದು ತಿಳಿಯದಂತೆ ಸರಪಳಿ ಹೆಣೆಯಬೇಡ. ಪ್ರತಿ ವಾರದ ಕೆಲಸ ಅಲ್ಲಿಗೇ ಮುಗಿಯುವಂತಿರಲಿ, ಮಾರ್ಚಿನಲ್ಲಿ ತಿರುಗಿ ಬಂದ ಹುಡುಗನೂ ಆ ದಿನದ ಟಾಸ್ಕಿನಲ್ಲಿ ಕೈ ಹಾಕುವಂತಿರಲಿ. ಅವನ ಪಕ್ಕ ಒಬ್ಬ ಗಟ್ಟಿ ಹುಡುಗಿಯನ್ನು ಕೂಡಿಸು. ಕ್ಯಾಂಪ್‌ಬೆಲ್ ಮೆಚ್ಚಿದ ನಮ್ಮ ಹಳೇ ಪದ್ಧತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಟೂರಿನಲ್ಲಿ ಅವನು ಕಂಡದ್ದನ್ನು ಹೇಳಿಸು, ತರಗತಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ವಿಷಯ ಅವನ ಹತ್ತಿರ ಇರುತ್ತದೆ.

ಮಾಧ್ಯಮದ ಜಗಳಕ್ಕೆ ಇಳಿಯಬೇಡ. 2019ರಲ್ಲಿ ಸರ್ಕಾರ ಒಂದರಿಂದ ಆರರವರೆಗೆ ಎಲ್ಲ ಇಂಗ್ಲಿಷ್ ಮಾಧ್ಯಮ ಎಂದು ಜಿ.ಒ. ಹೊರಡಿಸಿತು, 2020ರ ಏಪ್ರಿಲಿನಲ್ಲಿ ಹೈಕೋರ್ಟು ರದ್ದು ಮಾಡಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ಪುಸ್ತಕಗಳೂ ಬಂದವು. ಟಿವಿಯಲ್ಲಿ ತಿಂಗಳುಗಟ್ಟಲೆ ವಾದ. ಅಷ್ಟು ವಾದದಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡಬೇಕಾದವರ ಇಂಗ್ಲಿಷಿಗೆ ಯಾರು ಏನು ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ನನ್ನ ಅಭಿಪ್ರಾಯ ನಿನಗೆ ಗೊತ್ತು: ಗಣಿತ, ವಿಜ್ಞಾನ ಮಗು ತನ್ನ ಭಾಷೆಯಲ್ಲೇ ಕಲಿಯಲಿ, ಇಂಗ್ಲಿಷನ್ನು ಇಂಗ್ಲಿಷಾಗಿ ಚೆನ್ನಾಗಿ ಕಲಿಯಲಿ. ಆದರೆ ಕನ್ನಡ ಮಾಧ್ಯಮದ ತಾಯಿ ಬಂದು ಇಂಗ್ಲಿಷ್ ಬರದಿದ್ದರೆ ನನ್ನ ಮಗನ ಗತಿ ಏನು ಎಂದರೆ ಅವಳಿಗೆ ಭಾಷಣ ಕೊಡಬೇಡ. ಕನ್ನಡ ಶಾಲೆ ಉಳಿಯುವುದು ಅದರ ಇಂಗ್ಲಿಷ್ ಮೇಷ್ಟ್ರಿಂದ. ಇದನ್ನು ಹೇಳಿದರೆ ನಮ್ಮ ಕನ್ನಡ ಸಂಘದವರಿಗೆ ಸಿಟ್ಟು ಬರುತ್ತದೆ, ಬರಲಿ.

ಹತ್ತನೇ ತರಗತಿಯ ಪರೀಕ್ಷೆಗೆ ಕೊನೆಯ ಮೂರು ತಿಂಗಳು ಕೊಡು, ಅದರಲ್ಲಿ ಹಟ ಬೇಡ. ಅವರು ಪಾಸಾಗಬೇಕು. ಆದರೆ ಆರು, ಏಳನ್ನು ಯಾರಿಗೂ ಬಿಟ್ಟುಕೊಡಬೇಡ. ಹೆಡ್‌ಮಾಸ್ಟರು ನೀನು ಟೆಂತ್ ಮಾತ್ರ ನೋಡಿಕೋ ಎಂದರೆ ಕೈ ಮುಗಿದು ಆರನೇ ತರಗತಿಯನ್ನೂ ಕೇಳಿ ಪಡೆ.

ನಿನ್ನ ಇಂಗ್ಲಿಷನ್ನೂ ನೋಡಿಕೋ. ದಿನಾ ಬೆಳಿಗ್ಗೆ ಏನಾದರೂ ಗಟ್ಟಿಯಾಗಿ ಓದು. ಮಕ್ಕಳಿಗೆ ಹೇಳುವ ಕಥೆಯನ್ನು ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ನಮಗೆ ಬೆಂಗಳೂರಿಗೆ ಹೋಗಬೇಕಿತ್ತು, ನಿನಗೆ ಜೇಬಿನಲ್ಲೇ ಇದೆ.

ಎರಡನೇ ಶನಿವಾರ ನಮ್ಮ ಮನೆಗೆ ಬಾ. ಆಲೂರಿನಿಂದ ಒಬ್ಬ ಟೀಚರಮ್ಮ, ಕೋಸಿಗಿ ಕಡೆಯಿಂದ ಒಬ್ಬ ಮೇಷ್ಟ್ರು ಆಗಾಗ ಬರುತ್ತಾರೆ. ಒಬ್ಬರ ಪಾಠ ಇನ್ನೊಬ್ಬರು ಕೇಳುತ್ತೇವೆ, ಜಗಳ ಆಡುತ್ತೇವೆ. ಇದಕ್ಕೆ ಸರ್ಟಿಫಿಕೇಟು ಇಲ್ಲ, ಟಿಎ ಡಿಎ ಇಲ್ಲ, ಜೋಳದ ರೊಟ್ಟಿ ಇದೆ. ಬರುವಾಗ ಎರಡು ತರಬೇಕು: ನಿನ್ನ ಆರನೇ ತರಗತಿಯ ಹತ್ತು ನಿಮಿಷದ ರೆಕಾರ್ಡಿಂಗ್, ಮತ್ತು ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಇರುವ ಮಗುವಿನ ನೋಟ್‌ಬುಕ್ಕು. ಚೆನ್ನಾಗಿ ಬರೆಯುವವರದು ತಂದರೆ ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ